ಮೋತಿಬಿಂದು ಹಣ್ಣಾಗಲಿ ಅಂತ ಕಾದೆವು, ಈಗ ಕರಿ ಮೋತಿಬಿಂದು ಅಂತಾರೆ

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 64 ವರ್ಷ, ಒಕ್ಕಲುತನ ಮಾಡುತ್ತಾರೆ. ಬಿಪಿ, ಶುಗರ್ ಇಲ್ಲ. ಮೂರು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಎಡಗಣ್ಣಿನ ಮೋತಿಬಿಂದು ಆಪರೇಷನ್ ಆಯಿತು, ಚೆನ್ನಾಗಿ ಕಾಣತೊಡಗಿತು. ಬಲಗಣ್ಣಿಗೂ ಮೋತಿಬಿಂದು ಶುರುವಾಗಿದೆ ಅಂತ ಆಗಲೇ ಹೇಳಿದ್ದರು. ಆದರೆ ಊರಲ್ಲಿ ಎಲ್ಲರೂ, "ಇನ್ನಾ ಹಣ್ಣಾಗಿಲ್ಲ, ಹಣ್ಣಾದ ಮ್ಯಾಲ ತೆಗಸ್ರಿ" ಅಂದರು. ತೊಗರಿ ರಾಶಿ ಮುಗಿಯಲಿ ಅಂತ ಒಂದು ವರ್ಷ, ಬ್ಯಾಸಗಿ ಬೇಡ ಅಂತ ಇನ್ನೊಂದು ವರ್ಷ ಹೋಯಿತು. ಈಗ ಬಲಗಣ್ಣಿನ ನಡುವೆ ಪೂರ್ತಿ ಬೆಳ್ಳಗಾಗಿದೆ. ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತದೆ. ಹೋದ ವಾರ ಕಲಬುರಗಿಗೆ ಕರೆದುಕೊಂಡು ಹೋದೆವು. ಬಲಗಣ್ಣಿನ ಒತ್ತಡ 38, ಎಡಗಣ್ಣಿನದು 27, ಎರಡರಲ್ಲೂ ಕರಿ ಮೋತಿಬಿಂದು ಇದೆ ಅಂದರು. ಬಲಗಣ್ಣಿಗೆ ಎರಡೂ ಕೂಡಿಸಿ ಆಪರೇಷನ್ ಮಾಡಬೇಕು, ಎಡಗಣ್ಣಿಗೆ ಜೀವನಪೂರ್ತಿ ಹನಿ ಹಾಕಬೇಕಂತೆ. ಅಪ್ಪ ಒಪ್ಪುತ್ತಿಲ್ಲ. "ಎಡಗಣ್ಣು ಛಲೋ ಕಾಣತದ, ಅದಕ್ಯಾಕ ಔಷಧ" ಅಂತಾರೆ. ನಮ್ಮ ಕಾಕಾ ಹೇಳುವ ಪ್ರಕಾರ, ಅವರ ಬೀಗರೊಬ್ಬರು ಇಂಥದ್ದೇ ಆಪರೇಷನ್ ಮಾಡಿಸಿ ಇದ್ದ ಕಣ್ಣೂ ಕಳೆದುಕೊಂಡರು. ಲೇಸರ್‌ನಲ್ಲಿ ಆಗುವುದಿಲ್ಲವೇ? ಹೈದರಾಬಾದಿಗೆ ಹೋಗಬೇಕೇ, ಸೊಲ್ಲಾಪುರಕ್ಕೆ ಹೋಗಬೇಕೇ? ಅಪ್ಪನಿಗೆ ರಾಶಿ ಟೈಮಿನಲ್ಲಿ ಕಣ್ಣು ಕೆಂಪಾಗಿ ತುರಿಸುತ್ತದೆ. ಅದಕ್ಕೆ ಎಂಟು ಹತ್ತು ವರ್ಷದಿಂದ ಮೆಡಿಕಲ್ ಅಂಗಡಿಯ ಒಂದು ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಅದನ್ನು ಮುಂದುವರಿಸಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾದಿದ್ದು ತಪ್ಪಾಯಿತಾ, ಈಗ ಆಪರೇಷನ್ ಮಾಡಿಸಿದರೆ ಕಣ್ಣು ಬರುತ್ತದಾ, ಇದೇ ನಿಮ್ಮ ಚಿಂತೆ ಅಲ್ವಾ? ಮೊದಲೇ ಹೇಳಿಬಿಡುತ್ತೇನೆ. ಕಾದಿದ್ದರಿಂದ ನಷ್ಟ ಆಗಿದೆ. ಬಲಗಣ್ಣಿಗೆ ಎಷ್ಟು ದೃಷ್ಟಿ ಬರುತ್ತದೆ ಅನ್ನುವುದನ್ನು ಆ ಬಿಳಿ ಪೊರೆ ತೆಗೆಯುವ ತನಕ ಯಾರೂ ಖಂಡಿತವಾಗಿ ಹೇಳಲಾರರು. ಆದರೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಬಲಗಣ್ಣಲ್ಲ. ಅಪ್ಪ "ಛಲೋ ಕಾಣತದ" ಅನ್ನುವ ಆ ಎಡಗಣ್ಣು. ಇನ್ನು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಆ ಡ್ರಾಪ್ಸ್ ಇವತ್ತೇ ನಿಲ್ಲಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಗೊಂದಲಕ್ಕೆಲ್ಲ ಅರ್ಧ ಕಾರಣ ಹೆಸರು. ನಮ್ಮ ಕಡೆ ಕಣ್ಣಿನ ಪೊರೆಗೆ ಮೋತಿಬಿಂದು ಅಂತೀವಿ. ಗ್ಲಾಕೋಮಾಕ್ಕೆ ಕರಿ ಮೋತಿಬಿಂದು ಅಂತೀವಿ, ಕೆಲವರು ಕಾಲಾ ಮೋತಿಯಾ ಅಂತಾರೆ. ಹೆಸರು ಅಣ್ಣ ತಮ್ಮಂದಿರ ಹಾಗಿದೆ. ಹಾಗಾಗಿ ಒಂದು ಮುಂದುವರಿದು ಇನ್ನೊಂದಾಗುತ್ತದೆ, ಬಿಳಿದು ಹಣ್ಣಾಗಿ ಕರಿದಾಗುತ್ತದೆ ಅಂತ ಜನ ತಿಳಿಯುತ್ತಾರೆ. ಇವೆರಡು ಬೇರೆ ಬೇರೆ ರೋಗ. ಪೊರೆ ಅಂದರೆ ಕಣ್ಣಿನ ಒಳಗಿನ ಮಸೂರ ಮಬ್ಬಾಗುವುದು. ಕಿಟಕಿಯ ಗಾಜು ಹೊಲಸಾದ ಹಾಗೆ. ಗಾಜು ಬದಲಿಸಿದರೆ ಮತ್ತೆ ಕಾಣುತ್ತದೆ. ಗ್ಲಾಕೋಮಾದಲ್ಲಿ ಕೆಡುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಆ ನರದಲ್ಲಿ ಸುಮಾರು ಹತ್ತು ಹನ್ನೆರಡು ಲಕ್ಷ ಎಳೆಗಳಿವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ, ಅದನ್ನು ಬದಲಿಸುವ ಆಪರೇಷನ್ನೂ ಇಲ್ಲ. ಪೊರೆ ಕಸಿದುಕೊಂಡ ದೃಷ್ಟಿಯನ್ನು ವಾಪಸ್ ಪಡೆಯಬಹುದು. ಗ್ಲಾಕೋಮಾ ಕಸಿದುಕೊಂಡಿದ್ದು ಹೋಯಿತು, ಉಳಿದದ್ದನ್ನು ಮಾತ್ರ ಕಾಪಾಡಿಕೊಳ್ಳಬಹುದು.

ಹಾಗಾದರೆ "ಹಣ್ಣಾಗಲಿ" ಅನ್ನುವ ಮಾತು ಎಲ್ಲಿಂದ ಬಂತು? ಊರ ಹಿರಿಯರು ಸುಮ್ನೆ ಹೇಳಿದ್ದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಕಣ್ಣಿನ ಶಿಬಿರ ಮಾಡಿದ ಕಾಲ ನಿಮ್ಮ ಅಜ್ಜನ ವಯಸ್ಸಿನವರಿಗೆ ನೆನಪಿರುತ್ತದೆ. ಆಗ ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಅದರ ಜಾಗಕ್ಕೆ ಏನೂ ಕೂರಿಸುತ್ತಿರಲಿಲ್ಲ. ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ಅದು ಇಲ್ಲದಿದ್ದರೆ ಮನುಷ್ಯ ಕುರುಡನೇ. ಹಾಗಿದ್ದಾಗ ಅರ್ಧ ಕಾಣುವ ಕಣ್ಣಿಗೆ ಆಪರೇಷನ್ ಮಾಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹಣ್ಣಾದ ಮಸೂರ ಸುಲಭವಾಗಿ ಹೊರಗೆ ಬರುತ್ತಿತ್ತು ಅನ್ನುವುದೂ ನಿಜ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಮೊದಲ ಕೃತಕ ಲೆನ್ಸ್ ಕೂರಿಸಿದ್ದರು. ಆದರೆ ಅದು ನಮ್ಮ ಹಳ್ಳಿಗಳ ಶಿಬಿರಕ್ಕೆ ಬಂದು ತಲುಪಲು ದಶಕಗಳೇ ಬೇಕಾದವು. ಈಗ ಸಣ್ಣ ಗಾಯ ಮಾಡಿ ಮಸೂರ ತೆಗೆದು, ಅಲ್ಲೇ ಲೆನ್ಸ್ ಇಡುತ್ತೇವೆ. ಕಾಯಿ ಇದ್ದಾಗ ತೆಗೆಯುವುದೇ ಈಗ ಸುಲಭ. ಹಣ್ಣಾದದ್ದೇ ಕಷ್ಟ. ಆಪರೇಷನ್ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು. ಚಳಿಗಾಲದಲ್ಲೇ ಮಾಡಿಸಬೇಕು ಅನ್ನುವುದೂ ಆ ಕಾಲದ್ದೇ. ಈಗ ಮೇ ತಿಂಗಳಲ್ಲೂ ಮಾಡುತ್ತೇವೆ.

ಹಣ್ಣಾಗಲು ಬಿಡುವುದರಲ್ಲಿ ಇನ್ನೊಂದು ಅಪಾಯ ಇದೆ. ಬಹುಶಃ ನಿಮ್ಮ ಅಪ್ಪನ ಬಲಗಣ್ಣಿನಲ್ಲಿ ಆಗಿರುವುದು ಇದೇ. ಕಣ್ಣಿನ ಒಳಗೆ ಒಂದು ತಿಳಿ ನೀರು ಸದಾ ಹುಟ್ಟುತ್ತಾ, ಹೊರಗೆ ಹರಿದು ಹೋಗುತ್ತಾ ಇರುತ್ತದೆ. ಇದು ಕಣ್ಣೀರಲ್ಲ, ಬೇರೆ. ಕಪ್ಪುಗುಡ್ಡೆಯ ಅಂಚಿನಲ್ಲಿ, ಒಳಗಡೆ, ಒಂದು ಸಣ್ಣ ಮೂಲೆಯಲ್ಲಿ ಅದರ ಮೋರಿ ಇದೆ. ನೀರು ಬರುವುದೂ ಹೋಗುವುದೂ ಸರಿಯಿದ್ದರೆ ಒತ್ತಡ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ. ಮೋರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಪೊರೆ ತುಂಬಾ ಬಲಿತಾಗ ಮಸೂರ ನೀರು ಕುಡಿದು ಉಬ್ಬುತ್ತದೆ. ನೆನೆಹಾಕಿದ ತೊಗರಿ ಉಬ್ಬುವ ಹಾಗೆ ಅಂದುಕೊಳ್ಳಿ. ಉಬ್ಬಿದ ಮಸೂರ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಮುಂದಕ್ಕೆ ತಳ್ಳಿ, ಆ ಮೂಲೆಯನ್ನು ಒತ್ತಿ ಮುಚ್ಚಿಬಿಡುತ್ತದೆ. ಇನ್ನೂ ಬಿಟ್ಟರೆ ಹಣ್ಣು ಕೊಳೆತ ಹಾಗೆ ಮಸೂರದ ಒಳಗಿನದು ಸೋರಿ ಮೋರಿಯನ್ನು ಕಟ್ಟುತ್ತದೆ. ಅಂದರೆ ಬಿಳಿ ಮೋತಿಬಿಂದು ಕರಿಯದಾಗುವುದಿಲ್ಲ, ಆದರೆ ಕರಿಯದನ್ನು ಕರೆದು ತರಬಲ್ಲದು. ಇಂಥ ಕಣ್ಣು ಒಮ್ಮೊಮ್ಮೆ ಏಕಾಏಕಿ ಕೆಂಪಾಗಿ, ಅರ್ಧ ತಲೆ ಸಿಡಿದು, ವಾಂತಿಯಾಗುತ್ತದೆ. ಮನೆಯವರು ಪಿತ್ತ, ಗ್ಯಾಸು ಅಂತ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ನಿಮ್ಮ ಅಪ್ಪನಿಗೆ ಹಾಗೇನಾದರೂ ಆದರೆ ಬೆಳಗಾಗುವ ತನಕ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಎಡಗಣ್ಣಿನ ಕಥೆ ಬೇರೆ. ಅಲ್ಲಿ ಮಸೂರ ತೆಗೆದು ಮೂರು ವರ್ಷ ಆಗಿದೆ, ಉಬ್ಬಲು ಏನೂ ಉಳಿದಿಲ್ಲ. ಆದರೂ 27 ಇದೆ. ಅದಕ್ಕೇ ನೀವು ಕೊನೆಗೆ ಬರೆದ ಆ ಡ್ರಾಪ್ಸ್ ಮೇಲೆ ನನ್ನ ಕಣ್ಣು ಬಿತ್ತು. ರಾಶಿ ಮಾಡುವಾಗ ಹೊಟ್ಟಿನ ಧೂಳು ಕಣ್ಣಿಗೆ ಬಿದ್ದು ತುರಿಸುವುದು ನಮ್ಮ ಜಿಲ್ಲೆಯಲ್ಲಿ ಮನೆಮನೆಯ ತೊಂದರೆ. ಮೆಡಿಕಲ್ ಅಂಗಡಿಗೆ ಹೋಗಿ "ಕಣ್ಣ ಕೆಂಪ ಆಗ್ಯಾವ್ರಿ" ಅಂದರೆ ಸಾಕು, ಒಂದು ಬಾಟಲಿ ಕೊಡುತ್ತಾರೆ. ಎರಡು ದಿನದಲ್ಲಿ ಕೆಂಪು ಮಾಯ, ತುರಿಕೆ ಮಾಯ. ಇಷ್ಟು ಬೇಗ ಕೆಲಸ ಮಾಡಿತು ಅಂದರೆ ಬಹಳ ಸಲ ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಅಂತ ಬರೆದಿದೆಯಾ ನೋಡಿ. ಆಂಟಿಬಯಾಟಿಕ್ ಜೊತೆ ಇದನ್ನೂ ಬೆರೆಸಿದ ಬಾಟಲಿಗಳೇ ಜಾಸ್ತಿ.

ಸ್ಟೀರಾಯ್ಡ್ ಕೆಟ್ಟ ಔಷಧವಲ್ಲ. ಆಪರೇಷನ್ ಆದ ಮೇಲೆ ನಾವೇ ಕೆಲವು ವಾರ ಬರೆದು ಕೊಡುತ್ತೇವೆ. ಕೆಟ್ಟದ್ದು, ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಹಾಕುವುದು. ಸುಮಾರು ಮೂವರಲ್ಲಿ ಒಬ್ಬರಿಗೆ ಈ ಹನಿಯಿಂದ ಕಣ್ಣಿನ ಒತ್ತಡ ಸ್ವಲ್ಪವಾದರೂ ಏರುತ್ತದೆ, ಕೆಲವರಿಗೆ ಬಹಳ ಏರುತ್ತದೆ. ನೋವು ಇರುವುದಿಲ್ಲ. ಕಣ್ಣು ಬೆಳ್ಳಗೆ, ಚೆಂದಾಗಿ ಕಾಣುತ್ತದೆ. ಒಳಗೆ ನರ ಸಾಯುತ್ತಿರುತ್ತದೆ. ಇಷ್ಟೇ ಅಲ್ಲ, ಪೊರೆ ಬೇಗ ಬರಲಿಕ್ಕೂ ಇದೇ ಸ್ಟೀರಾಯ್ಡ್ ಒಂದು ಕಾರಣ. ಕೆಲವು ತಿಂಗಳು ಮಾತ್ರ ಹಾಕಿದ್ದರೆ, ನಿಲ್ಲಿಸಿದ ಮೇಲೆ ವಾರಗಳಲ್ಲಿ ಒತ್ತಡ ಇಳಿಯುವುದುಂಟು. ಎಂಟು ಹತ್ತು ವರ್ಷ ಹಾಕಿದವರಲ್ಲಿ ಮೋರಿಯೇ ಕೆಟ್ಟು ಹೋಗಿರಬಹುದು. ನಿಮ್ಮ ಅಪ್ಪನಿಗೆ ಇದೇ ಆಗಿದೆ ಅಂತ ಇಲ್ಲಿ ಕುಳಿತು ನಾನು ತೀರ್ಪು ಕೊಡಲಾರೆ. ಔಷಧದ ಹಂಗಿಲ್ಲದೆ ತಾನಾಗಿಯೇ ಬರುವ ಗ್ಲಾಕೋಮಾವೂ ಈ ವಯಸ್ಸಿನಲ್ಲಿ ಸಾಮಾನ್ಯ. ಆದರೆ ಈ ವಿಷಯ ಕಲಬುರಗಿಯ ಡಾಕ್ಟರಿಗೆ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ, ಯಾಕೆಂದರೆ ಜನ ಅದನ್ನು ಔಷಧ ಅಂತಲೇ ಎಣಿಸುವುದಿಲ್ಲ. ಮೊಣಕಾಲು ನೋವಿಗೆ ಯಾರೋ ಕೊಟ್ಟ ಪುಡಿ, ದಮ್ಮಿನ ಮಾತ್ರೆ ಇದ್ದರೆ ಅದನ್ನೂ ಹೇಳಿ. ಅವುಗಳಲ್ಲೂ ಸ್ಟೀರಾಯ್ಡ್ ಇರಬಹುದು. ಒಂದು ಎಚ್ಚರಿಕೆ: ನುಂಗುವ ಸ್ಟೀರಾಯ್ಡನ್ನು ಮಾತ್ರ ನೀವಾಗಿಯೇ ದಿಢೀರ್ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ತುರಿಕೆಗೆ ಸ್ಟೀರಾಯ್ಡ್ ಇಲ್ಲದ ಬೇರೆ ಹನಿಗಳಿವೆ. ರಾಶಿ ಹೊತ್ತಿನಲ್ಲಿ ನೂರು ರೂಪಾಯಿಯ ಬಿಳಿ ಗಾಗಲ್ ಹಾಕಿಕೊಂಡರೆ ಅದೂ ಎಷ್ಟೋ ಕಡಿಮೆ ಬೇಕಾಗುತ್ತದೆ.

ಈಗ ಅಪ್ಪನ ಮಾತಿಗೆ ಬರೋಣ. "ಛಲೋ ಕಾಣತದ" ಅನ್ನುವುದು ಸುಳ್ಳಲ್ಲ. ಗ್ಲಾಕೋಮಾ ಮೊದಲು ತಿನ್ನುವುದು ಬದಿಯ ನೋಟವನ್ನು. ನಡುವಿನ ನೋಟ ಕೊನೆಯ ತನಕ ಉಳಿಯುತ್ತದೆ. ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಕೆಳಗಿನ ಸಾಲಿನ ತನಕ ಓದುತ್ತಾರೆ. ಅದೇ ಮನುಷ್ಯ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾನೆ, ಬದುವಿನ ಮೇಲೆ ಎಡವುತ್ತಾನೆ, ಪಕ್ಕದಿಂದ ಬಂದ ಬೈಕು ಕಾಣಲಿಲ್ಲ ಅಂತಾನೆ. ಕಾಣದ ಜಾಗದಲ್ಲಿ ಕಪ್ಪು ಕಾಣುವುದಿಲ್ಲ. ಸುತ್ತಲಿನ ಬಣ್ಣ ಹಚ್ಚಿ ಮೆದುಳು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಕಳೆದುಕೊಂಡವನಿಗೇ ಕಳೆದದ್ದು ಗೊತ್ತಾಗುವುದಿಲ್ಲ.

ಬಾಯಿ ಮಾತಿನಲ್ಲಿ ಹೇಳಿದರೆ ಅಪ್ಪ ನಂಬುವುದಿಲ್ಲ. ಹೀಗೆ ಮಾಡಿ. ಹಗಲು ಬೆಳಕಿನಲ್ಲಿ ಎದುರುಬದುರು, ಎರಡು ಅಡಿ ದೂರದಲ್ಲಿ ಕೂರಿ. ಅವರು ಬಲಗಣ್ಣು ಮುಚ್ಚಲಿ, ನೀವು ನಿಮ್ಮ ಎಡಗಣ್ಣು ಮುಚ್ಚಿ. ಅವರು ನಿಮ್ಮ ಮೂಗನ್ನೇ ನೋಡುತ್ತಿರಲಿ. ನೀವು ಕೈಬೆರಳನ್ನು ಮೇಲಿನಿಂದ, ಕೆಳಗಿನಿಂದ, ಎರಡೂ ಬದಿಯಿಂದ ಮೆಲ್ಲಗೆ ಒಳಗೆ ತನ್ನಿ. ನಿಮಗೆ ಕಂಡ ಬೆರಳು ಅವರಿಗೆ ಎಷ್ಟೋ ಹೊತ್ತಿನ ಮೇಲೆ ಕಂಡರೆ, ಅವರೇ ಸುಮ್ಮನಾಗುತ್ತಾರೆ. ಇದು ಒರಟು ಪರೀಕ್ಷೆ, ಮೊದಮೊದಲಿನ ನಷ್ಟ ಇದರಲ್ಲಿ ಸಿಗುವುದಿಲ್ಲ. ಸರಿಯಾದ ಲೆಕ್ಕಕ್ಕೆ ಆಸ್ಪತ್ರೆಯಲ್ಲಿ ಬದಿಯ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಲೇಬೇಕು. ಜೊತೆಗೆ ನರದ ಓಸಿಟಿ ಸ್ಕ್ಯಾನ್, ಆ ಮೂಲೆ ತೆರೆದಿದೆಯೋ ಮುಚ್ಚಿದೆಯೋ ನೋಡುವ ಗೋನಿಯೋಸ್ಕೋಪಿ. ಈ ಗೋನಿಯೋಸ್ಕೋಪಿಯನ್ನು ಅವಸರದಲ್ಲಿ ಬಿಟ್ಟುಬಿಡುವುದುಂಟು. ಮಾಡಿದ್ದಾರಾ ಅಂತ ಕೇಳಿ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಫೀಲ್ಡ್ ಟೆಸ್ಟ್ ಫಲಿತಾಂಶ ಬರುವ ತನಕ ಅಪ್ಪನ ಕೈಗೆ ಬೈಕು, ಟ್ರ್ಯಾಕ್ಟರ್ ಕೊಡಬೇಡಿ.

ಬಲಗಣ್ಣಿನ ಆಪರೇಷನ್ ವಿಚಾರ. ಮೊದಲ ಕೆಲಸ ಒತ್ತಡ ಇಳಿಸುವುದು. 38 ಇದ್ದಾಗಲೇ ಕಣ್ಣು ತೆರೆದರೆ ಒಳಗೆ ರಕ್ತಸ್ರಾವ ಆಗುವ ಭಯ ಇದೆ. ಅದಕ್ಕೆ ಹನಿ, ಅಸೆಟಜೋಲಮೈಡ್ ಮಾತ್ರೆ, ಬೇಕಾದರೆ ಮ್ಯಾನಿಟಾಲ್ ಸಲೈನ್. ಆ ಮಾತ್ರೆಯಿಂದ ಬೆರಳು ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ, ಹೆದರಬೇಡಿ. ಆದರೆ ಕಿಡ್ನಿ ಕಲ್ಲು ಆಗಿದ್ದರೆ ಅಥವಾ ಸಲ್ಫಾ ಔಷಧಕ್ಕೆ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಆಮೇಲೆ ಎರಡು ದಾರಿ. ಒಂದು, ಪೊರೆ ಮಾತ್ರ ತೆಗೆದು ಲೆನ್ಸ್ ಹಾಕುವುದು. ಒತ್ತಡಕ್ಕೆ ಉಬ್ಬಿದ ಮಸೂರವೇ ಮುಖ್ಯ ಕಾರಣ ಆಗಿದ್ದರೆ, ಅದನ್ನು ತೆಗೆದಾಗ ಮೂಲೆ ತೆರೆದು ಒತ್ತಡ ಚೆನ್ನಾಗಿ ಇಳಿಯುತ್ತದೆ. ಆಪರೇಷನ್ ಚಿಕ್ಕದು, ಬೇಗ ಮಾಯುತ್ತದೆ. ಆದರೆ ಮೂಲೆ ಬಹಳ ದಿನ ಅಂಟಿಕೊಂಡಿದ್ದರೆ, ಅಥವಾ ಸ್ಟೀರಾಯ್ಡಿನಿಂದ ಮೋರಿ ಕೆಟ್ಟಿದ್ದರೆ, ಇದರಿಂದ ಸಾಲುವುದಿಲ್ಲ. ಮತ್ತೆ ಹನಿ, ಇಲ್ಲವೇ ಮತ್ತೊಂದು ಆಪರೇಷನ್. ಎರಡನೆಯ ದಾರಿ, ನಿಮಗೆ ಹೇಳಿರುವ ಜೋಡಿ ಆಪರೇಷನ್. ಪೊರೆ ತೆಗೆಯುವುದರ ಜೊತೆಗೆ ಟ್ರಾಬೆಕ್ಯುಲೆಕ್ಟಮಿ, ಅಂದರೆ ಕಣ್ಣಿನ ಬಿಳಿ ಭಾಗದಲ್ಲಿ, ಮೇಲಿನ ರೆಪ್ಪೆಯ ಅಡಿಯಲ್ಲಿ, ನೀರು ಹೊರಗೆ ಹೋಗಲು ಹೊಸ ಮೋರಿ ಮಾಡುವುದು. 1968ರಿಂದ ನಡೆದು ಬಂದ ಆಪರೇಷನ್ ಇದು. ಹೊಸದಾಗಿ ಏನೇನೋ ಬಂದರೂ ಒತ್ತಡವನ್ನು ತೀರಾ ಕೆಳಗೆ ಇಳಿಸಬೇಕಾದಾಗ ನಾವು ಈಗಲೂ ಇದಕ್ಕೇ ಬರುತ್ತೇವೆ. ಎಡಗಣ್ಣಲ್ಲೂ ರೋಗ ಇರುವಾಗ, ಬಲಗಣ್ಣಲ್ಲಿ 38 ಇರುವಾಗ, ಹನಿ ಬಿಡದೆ ಹಾಕುತ್ತಾರೆ ಅನ್ನುವ ಭರವಸೆ ಇಲ್ಲದಾಗ, ನಾನಾದರೂ ಜೋಡಿ ಆಪರೇಷನ್ ಕಡೆಗೇ ವಾಲುತ್ತೇನೆ. ಆದರೆ ಮೂಲೆ ನೋಡದೆ ಈ ಮಾತು ಮುಗಿಯುವುದಿಲ್ಲ. ಅದನ್ನು ನೋಡಿ ಹೇಳಬೇಕಾದವರು ನಿಮ್ಮ ಡಾಕ್ಟರು, ನಾನು ನೋಡಿಲ್ಲ.

ಇದರ ಅಪಾಯಗಳನ್ನು ಮುಚ್ಚಿಡುವುದಿಲ್ಲ. ಮೊದಲ ವಾರಗಳಲ್ಲಿ ನೀರು ಜಾಸ್ತಿ ಹರಿದು ಒತ್ತಡ ತೀರಾ ಕೆಳಗೆ ಇಳಿಯಬಹುದು, ದೃಷ್ಟಿ ಮಬ್ಬಾಗಬಹುದು. ಇನ್ನೊಂದು ಕಡೆ, ದೇಹ ಈ ಹೊಸ ಮೋರಿಯನ್ನು ಗಾಯ ಅಂತಲೇ ತಿಳಿದು ಮಾಯಿಸಿಬಿಡಲು ನೋಡುತ್ತದೆ. ಹಾಗಾಗದಂತೆ ಮೈಟೋಮೈಸಿನ್ ಅನ್ನುವ ಔಷಧ ಹಚ್ಚುತ್ತೇವೆ. ಆದರೂ ಕೆಲವರಲ್ಲಿ ಮುಚ್ಚಿಕೊಳ್ಳುತ್ತದೆ. ಆಗ ಸಣ್ಣ ಟ್ಯೂಬು ಕೂರಿಸುವ ಆಪರೇಷನ್ ಬೇಕಾಗಬಹುದು. ಒಳಗೆ ದೊಡ್ಡ ರಕ್ತಸ್ರಾವ ಅಪರೂಪ, ಆದರೆ ಆಯಿತೆಂದರೆ ಗಂಭೀರ. ಹೊಸ ಮೋರಿಯ ಮೇಲಿನ ಪದರ ತೆಳ್ಳಗಿರುತ್ತದೆ. ಅಲ್ಲಿಗೆ ವರ್ಷಗಳ ನಂತರವೂ ಸೋಂಕು ಬರಬಹುದು. ಆದ್ದರಿಂದ ಜೀವನಪೂರ್ತಿ ಒಂದು ನಿಯಮ: ಕಣ್ಣು ಕೆಂಪಾಗಿ, ನೋವಾಗಿ, ಕೀವು ಬಂದರೆ ಅದೇ ದಿನ ಆಸ್ಪತ್ರೆ. ಮೆಡಿಕಲ್ ಅಂಗಡಿ ಅಲ್ಲ. ಬಾವಿ, ಹಳ್ಳ, ಕಾಗಿಣಾ ನದಿಯಲ್ಲಿ ಮುಳುಗು ಹಾಕುವುದು ಇನ್ನು ಮೇಲೆ ಬೇಡ. ಮೊದಲ ಒಂದೂವರೆ ತಿಂಗಳು ರಾಶಿಯ ಕಣದ ಹತ್ತಿರವೂ ಬಿಡಬೇಡಿ. ಭಾರ ಎತ್ತುವುದು, ಕಣ್ಣು ಉಜ್ಜುವುದು ಇಲ್ಲ. ರಾಶಿ ಮುಗಿಯಲಿ ಅಂತ ಆಪರೇಷನ್ ಮುಂದೂಡುವುದೂ ಬೇಡ, ಈ ಸಲ ರಾಶಿ ನಿಮ್ಮ ಮೇಲಿರಲಿ.

ನಿಮ್ಮ ಕಾಕಾ ಹೇಳಿದ ಬೀಗರ ಕಥೆ ನನಗೆ ಹೊಸದಲ್ಲ. ಆ ರೋಗಿಯನ್ನು ನಾನು ನೋಡಿಲ್ಲ, ಹಾಗಾಗಿ ಅವರಿಗೆ ಏನಾಯಿತು ಅಂತ ಹೇಳಲಾರೆ. ನನ್ನದೇ ಒಂದು ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಅಜ್ಜಿಗೆ ಬಿಳಿ ಪೊರೆ ತೆಗೆದೆ. ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿದರೆ ಅಜ್ಜಿಗೆ ಏನೂ ಕಾಣಲಿಲ್ಲ. ಒಳಗೆ ನೋಡಿದರೆ ನರ ಪೂರ್ತಿ ಬಿಳಿಚಿಕೊಂಡಿತ್ತು, ಅದು ಎಂದೋ ಸತ್ತಿತ್ತು. ಬೆಳಕಿಗೆ ಪಾಪೆ ಹೇಗೆ ಕುಗ್ಗುತ್ತದೆ, ಯಾವ ದಿಕ್ಕಿನಿಂದ ಬೆಳಕು ಬಂತು ಅಂತ ರೋಗಿ ಹೇಳುತ್ತಾರಾ, ಇಷ್ಟು ನೋಡಿದ್ದರೆ ಮೊದಲೇ ಸುಳಿವು ಸಿಗುತ್ತಿತ್ತು. ಅವತ್ತಿನ ಗದ್ದಲದಲ್ಲಿ ನಾನು ಸರಿಯಾಗಿ ನೋಡಲಿಲ್ಲ, ಮನೆಯವರಿಗೆ ಹೇಳಲೂ ಇಲ್ಲ. "ಡಾಕ್ಟರು ಕಣ್ಣು ತೆಗೆದರು" ಅಂತ ಆ ಊರಲ್ಲಿ ಹೆಸರಾಯಿತು. ಅವರನ್ನು ಬೈಯಲು ನನಗೆ ಬಾಯಿಲ್ಲ. ಅವತ್ತಿನಿಂದ ಬಿಳಿ ಪೊರೆಯ ಕಣ್ಣು ಮುಟ್ಟುವ ಮೊದಲು ಆ ಎರಡು ಪರೀಕ್ಷೆ ಮಾಡಿ, ಕಣ್ಣಿನ ಹಿಂಭಾಗ ತೋರಿಸುವ ಬಿ-ಸ್ಕ್ಯಾನ್ ಮಾಡಿಸಿ, ಮನೆಯವರನ್ನು ಕೂರಿಸಿ ಹೇಳುತ್ತೇನೆ. ನೀವೂ ಕೇಳಿ: "ನರ ಎಷ್ಟು ಉಳಿದಿರಬಹುದು? ಆಪರೇಷನ್ ದೃಷ್ಟಿಗಾಗಿಯೋ, ನೋವು ಬರದಿರಲಿ ಅಂತಲೋ?" ಕೈ ಆಡಿಸಿದ್ದು ಅಪ್ಪನಿಗೆ ತಿಳಿಯುತ್ತದೆ ಅಂದಿದ್ದೀರಿ. ನಾಲ್ಕೂ ದಿಕ್ಕಿನ ಬೆಳಕು ಗುರುತಿಸಿದರೆ ಆಸೆ ಇಟ್ಟುಕೊಳ್ಳಬಹುದು.

ಲೇಸರ್ ಅನ್ನುವ ಪದಕ್ಕೆ ನಮ್ಮ ಕಡೆ ಲೆಕ್ಕವಿಲ್ಲದಷ್ಟು ಅರ್ಥ. ಹೊಲಿಗೆ ಇಲ್ಲದ ಪೊರೆ ಆಪರೇಷನ್ನಿಗೆ ಜನ "ಲೇಸರ್" ಅಂತಾರೆ. ಅದು ಫೇಕೋ. ಅದರಲ್ಲಿ ಮಸೂರವನ್ನು ಒಡೆಯುವುದು ಕಿವಿಗೆ ಕೇಳದ ಶಬ್ದದ ಕಂಪನ, ಲೇಸರ್ ಅಲ್ಲ. ಗ್ಲಾಕೋಮಾಕ್ಕೆ ನಿಜವಾದ ಲೇಸರ್ ಎರಡು ಬಗೆ. ಮೂಲೆ ಕಿರಿದಾದವರಿಗೆ ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಸೂಜಿಮೊನೆಯಷ್ಟು ಕಿಂಡಿ ಮಾಡುವುದು ಒಂದು. ಮೂಲೆ ತೆರೆದಿದ್ದವರಿಗೆ ಮೋರಿಯ ಮೇಲೆಯೇ ಕೊಡುವ ಎಸ್‌ಎಲ್‌ಟಿ ಇನ್ನೊಂದು. ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೊಸದಾಗಿ ರೋಗ ಪತ್ತೆಯಾಗಿ ಎಸ್‌ಎಲ್‌ಟಿಯನ್ನೇ ಮೊದಲು ಮಾಡಿಸಿದವರಲ್ಲಿ ನಾಲ್ಕರಲ್ಲಿ ಸುಮಾರು ಮೂರು ಮಂದಿ ಮೂರು ವರ್ಷ ಹನಿಯಿಲ್ಲದೆ ಒತ್ತಡ ಹತೋಟಿಯಲ್ಲಿ ಇಟ್ಟುಕೊಂಡರು. ಆದರೆ ಅವರಲ್ಲಿ ಬಹುಪಾಲು ರೋಗ ಅಷ್ಟು ಮುಂದುವರಿಯದವರು. ಬಲಗಣ್ಣಿಗೆ ಲೇಸರ್ ಪ್ರಶ್ನೆಯೇ ಇಲ್ಲ. ಎಡಗಣ್ಣಿನ ಮೂಲೆ ತೆರೆದಿದ್ದರೆ ಎಸ್‌ಎಲ್‌ಟಿ ಬಗ್ಗೆ ಖಂಡಿತ ಕೇಳಬಹುದು. ಕೆಲವರಿಗೆ ಅದು ಫಲ ಕೊಡುವುದಿಲ್ಲ, ಕೊಟ್ಟವರಿಗೂ ಕೆಲವು ವರ್ಷಕ್ಕೆ ಪ್ರಭಾವ ಕಡಿಮೆ ಆಗುತ್ತದೆ.

ಸದ್ಯಕ್ಕೆ ಎಡಗಣ್ಣಿಗೆ ಹನಿಯೇ ಆಧಾರ. ಜೀವನಪೂರ್ತಿ ಅಂದಾಗ ಅಪ್ಪ ಹೆದರಿದ್ದು ಸಹಜ. ಬಿಪಿ ಮಾತ್ರೆಯ ಹಾಗೆ ಅಂತ ಹೇಳಿ. ಖರ್ಚಿನ ಚಿಂತೆ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಟಿಮೊಲಾಲ್ ಅನ್ನುವ ಹಳೆಯ ಹನಿ ಬಹಳ ಅಗ್ಗ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಆದರೆ ಅಪ್ಪನಿಗೆ ದಮ್ಮು ಇದ್ದರೆ, ಎದೆಬಡಿತ ನಿಧಾನ ಇದ್ದರೆ ಟಿಮೊಲಾಲ್ ಆಗದು. ಕಣ್ಣಿನ ಹನಿ ಮೂಗಿನ ಮೂಲಕ ಇಳಿದು ಮೈಗೆಲ್ಲ ಹೋಗುತ್ತದೆ. ರಾತ್ರಿಗೊಮ್ಮೆ ಹಾಕುವ ಲಟಾನೊಪ್ರಾಸ್ಟ್ ಒಳ್ಳೆಯದು. ಆದರೆ ಅದರ ಬಹುತೇಕ ಬಾಟಲಿಗಳನ್ನು ತೆರೆಯುವ ಮೊದಲು ಫ್ರಿಜ್ಜಿನಲ್ಲಿಡಬೇಕು, ತೆರೆದ ಮೇಲೂ 25 ಡಿಗ್ರಿ ದಾಟಬಾರದು. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, 42 ಡಿಗ್ರಿಯಲ್ಲಿ ತಗಡಿನ ಮನೆಯ ಗೂಡಿನಲ್ಲಿಟ್ಟ ಬಾಟಲಿ ಎಷ್ಟು ದಿನ ಬಾಳೀತು? ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ನಾಚಿಕೆ ಬಿಟ್ಟು ಹೇಳಿ, ಅಷ್ಟು ನಾಜೂಕಲ್ಲದ ಬೇರೆ ಹನಿ ಬರೆಯುತ್ತಾರೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಲಿ. ಒಂದೇ ಹನಿ ಸಾಕು. ಎರಡು ಬಗೆಯ ಔಷಧ ಇದ್ದರೆ ನಡುವೆ ಹತ್ತು ನಿಮಿಷ ಬಿಡಿ. ಹನಿಯಲ್ಲಿ ಒತ್ತಡ ಇಳಿಯದಿದ್ದರೆ, ಅಥವಾ ಇಳಿದರೂ ಫೀಲ್ಡ್ ಕೆಡುತ್ತಾ ಹೋದರೆ, ಎಡಗಣ್ಣಿಗೂ ಆಪರೇಷನ್ ಬೇಕಾಗಬಹುದು. ಮೊದಲು ಬಲಗಣ್ಣು ಮುಗಿದು, ಅದು ನೆಲೆ ನಿಂತ ಮೇಲೆ.

ಹನಿ ಬದಲು ಜೇನು, ಎದೆಹಾಲು, ಸೊಪ್ಪಿನ ರಸ ಅಂತ ಯಾರಾದರೂ ಬಂದರೆ ಕೈ ಮುಗಿದು ಕಳಿಸಿಬಿಡಿ. ಹೊನಗೊನ್ನೆ ಸೊಪ್ಪು ಪಲ್ಯ ಮಾಡಿ ತಿನ್ನಲು ಬಹಳ ರುಚಿ, ಕಣ್ಣಿಗೆ ಹಿಂಡಿದರೆ ಸೋಂಕು.

ಎಲ್ಲಿ ಮಾಡಿಸಬೇಕು ಅಂದಿರಿ. ಹೈದರಾಬಾದಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಸೇಡಂನಿಂದ ರೈಲೂ ಇದೆ. ಸೊಲ್ಲಾಪುರವೂ ದೂರವಲ್ಲ. ಆದರೆ ಟ್ರಾಬೆಕ್ಯುಲೆಕ್ಟಮಿಯಲ್ಲಿ ಆಪರೇಷನ್ ದಿನಕ್ಕಿಂತ ಆಮೇಲಿನ ಎಂಟು ವಾರ ಮುಖ್ಯ. ಮರುದಿನ, ಆಮೇಲೆ ವಾರಕ್ಕೊಮ್ಮೆಯಾದರೂ ತೋರಿಸಬೇಕು. ಹೊಲಿಗೆ ಸಡಿಲಿಸುವುದು, ಮುಚ್ಚುತ್ತಿರುವ ಮೋರಿ ಬಿಡಿಸುವುದು ಎಲ್ಲ ಆಗಲೇ. ದೂರದ ಊರಿನಲ್ಲಿ ಮಾಡಿಸಿ ಮೂರನೇ ಸಲಕ್ಕೆ "ಛಲೋ ಅದ ಬಿಡು" ಅಂತ ನಿಲ್ಲಿಸಿದವರ ಮೋರಿಗಳು ಮುಚ್ಚಿದ್ದನ್ನು ನಾನು ಬಹಳ ನೋಡಿದ್ದೇನೆ. ಯಾವ ಊರಿಗೆ ಹತ್ತು ಸಲ ಹೋಗಿ ಬರಲು ನಿಮ್ಮಿಂದ ಆಗುತ್ತದೋ ಆ ಊರನ್ನು ಆರಿಸಿ. ಕಲಬುರಗಿಯಲ್ಲೇ ಮಾಡಿಸುವುದಾದರೆ, ಗ್ಲಾಕೋಮಾ ಆಪರೇಷನ್ ದಿನನಿತ್ಯ ಮಾಡುವವರು ಯಾರು ಅಂತ ವಿಚಾರಿಸಿ, ಪೊರೆ ಆಪರೇಷನ್ ಚೆನ್ನಾಗಿ ಮಾಡುವ ಎಲ್ಲರೂ ಇದನ್ನು ಮಾಡುವುದಿಲ್ಲ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಈ ವಾರವೇ ಪಡೆಯಿರಿ, 38ರ ಕಣ್ಣಿಗೆ ತಿಂಗಳುಗಟ್ಟಲೆ ಅವಕಾಶ ಇಲ್ಲ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಒಯ್ಯಿರಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಆಪರೇಷನ್ ಬರುತ್ತದೆ ಅಂತ ಅಲ್ಲೇ ಕೌಂಟರಿನಲ್ಲಿ ಕೇಳಿ.

ನೀವು ಕೇಳದ ಒಂದು ವಿಷಯ. ಈ ರೋಗ ಮನೆತನದಲ್ಲಿ ಹರಿಯುತ್ತದೆ. ತಂದೆಗೆ ಇದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ನೀವು, ನಿಮ್ಮ ಅಣ್ಣ ತಮ್ಮ, ಅಕ್ಕ ತಂಗಿ, ನಿಮ್ಮ ಕಾಕಾ ಕೂಡ ಕಣ್ಣಿನ ಒತ್ತಡ ಮತ್ತು ನರ ತೋರಿಸಿಕೊಳ್ಳಬೇಕು. ನಲವತ್ತು ದಾಟಿದವರು ತಡಮಾಡಬಾರದು. ಅಪ್ಪನ ಆಪರೇಷನ್ ಬೇಡ ಅಂದ ಕಾಕಾನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅದೇ ದಿನ ಅವರದ್ದೂ ಆಗಿಬಿಡಲಿ. ಹೊರಡುವಾಗ ಅಪ್ಪ ಇಷ್ಟು ವರ್ಷ ಹಾಕಿಕೊಂಡ ಡ್ರಾಪ್ಸ್ ಬಾಟಲಿಗಳನ್ನು, ಖಾಲಿ ಆಗಿದ್ದರೂ ಸರಿ, ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಟೇಬಲ್ ಮೇಲೆ ಇಡಿ.